ಮೇನ್ ಸ್ವಿಚ್ಚಿಗೆ ಹಾಕಿದ ಬೀಗ

ವಿದ್ಯುಚ್ಛಕ್ತಿಯು ಮಾನವಕುಲವನ್ನು ಅಂಧಕಾರದಿಂದ ಬೆಳಕಿನೆಡೆಗೆ ನಡೆಸಿದ ಮಹಾಶಕ್ತಿ. ಸಿಂಧನೂರಿನಲ್ಲಿ ಅದು ಹಾಗೆ ನಡೆಸುವಾಗ ಹಿಂದೆ ಒಬ್ಬರು ಕಂದೀಲು ಹಿಡಿದು ಬರಬೇಕಾಗುತ್ತಿತ್ತು, ಅಷ್ಟೆ.

1955ರಲ್ಲಿ ನಾನು ಅಲ್ಲಿನ ಒಂದು ಹತ್ತಿ ಜಿನ್ನಿನಲ್ಲಿ ವೈರ್‌ಮನ್ ಆಗಿದ್ದೆ. ನಾವಿನ್ನೂ ಹೈದರಾಬಾದ್ ರಾಜ್ಯದವರು. ಜಿನ್ನಿನ ಡೀಸೆಲ್ ಎಂಜಿನ್ನಿನಿಂದ ಹತ್ತಿ ಬಿಡಿಸುವ ಯಂತ್ರಗಳು ಓಡುತ್ತಿದ್ದವು. ಮಿಕ್ಕ ಕರೆಂಟು ಊರಿನ ಹನ್ನೆರಡು ಮನೆಗಳಿಗೆ ಹೋಗುತ್ತಿತ್ತು. ‘ಮಿಕ್ಕ’ ಎಂಬ ಮಾತನ್ನು ಓದುಗರು ಗಮನಿಸಬೇಕು. ಬರಬೇಕಾದದ್ದು 230 ವೋಲ್ಟ್. ಯಂತ್ರಗಳೆಲ್ಲ ಓಡುವಾಗ ಅದು 160ಕ್ಕೆ ಇಳಿದು ಬಲ್ಬು ಆರುವ ಕೆಂಡದಂತೆ ಕಾಣುತ್ತಿತ್ತು. ಹನ್ನೆರಡು ಗಂಟೆಗೆ ಕೂಲಿಯವರು ಊಟಕ್ಕೆ ಎದ್ದು ಯಂತ್ರಗಳು ನಿಂತವೋ, ಹೊರೆ ಇಳಿದ ಮುದಿ ಎಂಜಿನ್ನು ಉತ್ಸಾಹಗೊಂಡು 280ರ ತನಕ ಏರುತ್ತಿತ್ತು. ಬಲ್ಬು ಸುಡುತ್ತಿತ್ತು, ರೇಡಿಯೊದ ವಾಲ್ವು ಹೋಗುತ್ತಿತ್ತು, ಗಿರಾಕಿಗಳು ನನ್ನ ವಂಶವನ್ನು ನೆನೆಯುತ್ತಿದ್ದರು.

ಆ ಹನ್ನೆರಡರಲ್ಲಿ ಸಾಹುಕಾರ ಚನ್ನಬಸಪ್ಪನವರ ಮನೆಯೂ ಒಂದು. ಅವರ ಮಗಳು ಗೌರಮ್ಮ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಬಾಣಂತಿಯ ಮಂಚದ ಕೆಳಗೆ ಕೆಂಡವಿಟ್ಟು ಕಾಯಿಸುವುದು ನಮ್ಮ ಕಡೆಯ ವಾಡಿಕೆ. ಸಾಹುಕಾರರು ಕಾಲಕ್ಕೆ ತಕ್ಕ ಮನುಷ್ಯರು; ಕೆಂಡದ ಬದಲು ಹೈದರಾಬಾದಿನಿಂದ ಒಂದು ಕರೆಂಟಿನ ಹೀಟರ್ ತಂದರು. ಬಲ್ಬಿಗೆಂದು ಎಳೆದ ತಂತಿಗೆ ಅದನ್ನು ಸಿಕ್ಕಿಸಿದ್ದರಿಂದ, ದಿನಾ ಹನ್ನೆರಡಕ್ಕೆ ವೋಲ್ಟು ಏರಿದ ಕೂಡಲೇ ಫ್ಯೂಸು ಹೋಗತೊಡಗಿತು.

ಫ್ಯೂಸೆಂದರೆ ಮೇನ್ ಸ್ವಿಚ್ಚಿನ ಬಳಿ ಇರುವ ತೆಳು ತಂತಿ. ಹೆಚ್ಚು ಕರೆಂಟು ಹರಿದರೆ ಮೊದಲು ತಾನು ಕರಗಿ ಮನೆಯ ತಂತಿಗಳನ್ನು ಉಳಿಸುವುದೇ ಅದರ ಕೆಲಸ. ಸಾಹುಕಾರರಿಗೆ ಅದರ ಗಾತ್ರವೇ ಅವಮಾನವಾಗಿ ಕಂಡಿತು.

“ಏನಪಾ, ಇಷ್ಟ್ ದೊಡ್ಡ ಮನೀಗೆ ಕೂದಲದಂಥ ತಂತಿ ಹಾಕೀದಿ?”

“ಅದು ಸಾಯಾಕಂತನ ಹುಟ್ಟಿದ ತಂತಿ ರೀ. ಅದು ಸತ್ರ ಮನಿ ಉಳೀತೈತಿ.”

“ಬಾಣಂತಿ ಇದ್ದ ಮನ್ಯಾಗ ಸಾವಿನ ಮಾತು ಬ್ಯಾಡ. ದಪ್ಪಂದು ಹಾಕು.”

ನಾನು ಹಾಕಲಿಲ್ಲ. ಅವರೇ ತಾಮ್ರದ ದಪ್ಪ ತಂತಿಯೊಂದನ್ನು ಹಾಕಿಸಿಕೊಂಡರು. ಅಷ್ಟಕ್ಕೆ ಬಿಡದೆ, ಯಾರೂ ಕೈಯಾಡಿಸಬಾರದೆಂದು ಮೇನ್ ಸ್ವಿಚ್ಚಿನ ಸುತ್ತ ಕಬ್ಬಿಣದ ಪಟ್ಟಿ ಬಡಿದ ತೇಗದ ಪೆಟ್ಟಿಗೆ ಮಾಡಿಸಿ, ಅಲಿಗಢದ ಬೀಗ ಜಡಿದು, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಇದನ್ನೆಲ್ಲ ನೋಡಿದ ನಾನು, ದೊಡ್ಡವರ ಜತೆ ವಾದವೇಕೆಂದು ತಲೆ ಕೆರೆದುಕೊಂಡು ಹೊರಟುಬಂದೆ. ಈ ಬರಹದಲ್ಲಿ ತಪ್ಪಿತಸ್ಥರನ್ನು ಹುಡುಕುವವರು ಇಲ್ಲಿಂದ ಶುರುಮಾಡಬಹುದು.

ಎರಡು ವಾರದ ಬಳಿಕ ಒಂದು ದಿನ ಪಡಸಾಲೆಯ ಬಲ್ಬು ಬದಲಿಸಲು ಕರೆಬಂತು. ಮರುದಿನ ಕೂಸಿಗೆ ಹೆಸರಿಡುವ ಶಾಸ್ತ್ರ. ಸಾಹುಕಾರರು ಬೀಗರನ್ನು ಕರೆತರಲು ಲಿಂಗಸುಗೂರಿಗೆ ಹೋಗಿದ್ದರು. ಅವರ ತಾಯಿ ಶರಣಮ್ಮ ಮನೆಯನ್ನೆಲ್ಲ ತೊಳೆಸುತ್ತಿದ್ದರು. ನಾನು ವಾಡಿಕೆಯಂತೆ ಚಪ್ಪಲಿಯನ್ನು ಬೀದಿ ಬಾಗಿಲಲ್ಲೇ ಬಿಟ್ಟು ಬಂದು ಬಲ್ಬು ಬದಲಿಸುತ್ತಿದ್ದಾಗ, ಅವರು ಹಾಗೇ ಮಾತಿಗೆ ಮಾತು ಬಂದು ಹೇಳಿದರು:

“ನಮ್ ಗೌರಿಗೆ ನರದ ತ್ರಾಣನ ಇಲ್ಲ ನೋಡು ತಮ್ಮಾ. ಮಂಚದ ಮ್ಯಾಲಿಂದ ತೊಟ್ಟಿಲ ಸರಪಳಿ ಮುಟ್ಟಿದ್ರ ಕೈ ಜುಮು ಜುಮು ಅಂತೈತಂತ. ಎಣ್ಣಿ ತಿಕ್ಕಿದ್ವಿ, ನಿಂಬಿಹಣ್ಣು ಇಳಿಸಿದ್ವಿ.”

ನಾನು ಏಣಿಯಿಂದ ಇಳಿದೆ. “ಎಷ್ಟು ದಿನಾತ್ರೀ ಅಮ್ಮಾರ?”

“ಮೂರು ದಿನಾತು.”

ಬಾಣಂತಿಯ ಕೋಣೆಯ ಹೊಸ್ತಿಲ ತನಕ ಹೋಗಿ ನೋಡಿದೆ. ಮಾಳಿಗೆಗೆ ಅಡ್ಡಲಾಗಿ ಕಬ್ಬಿಣದ ಗರ್ಡರ್. ಅದಕ್ಕೆ ಕಬ್ಬಿಣದ ಸರಪಳಿಗಳಿಂದ ತೂಗುಹಾಕಿದ ಮರದ ತೊಟ್ಟಿಲು. ಹೀಟರಿನ ತಂತಿ ಆ ಗರ್ಡರಿನ ಮೇಲೇ ಹಾದುಹೋಗಿತ್ತು. ಒಂದು ಕಡೆ ಅದರ ರಬ್ಬರು ಕರಗಿ ಕರ್ರಗಾಗಿತ್ತು. ಕರಗಬೇಕಾದ ಫ್ಯೂಸು ಕರಗದಿದ್ದರೆ ಬೇರೆ ಯಾವುದೋ ಕರಗಲೇಬೇಕಲ್ಲ. ಹೀಟರನ್ನು ಕಿತ್ತರೂ ಉಪಯೋಗವಿಲ್ಲ. ಕರೆಂಟು ಗರ್ಡರಿಗೇ ಇಳಿದು ಸರಪಳಿಯಲ್ಲಿ ಕುಳಿತಿತ್ತು.

ಮೂರು ದಿನ ಅವಳು ಒಣ ಮರದ ಮಂಚದ ಮೇಲಿಂದ ಮುಟ್ಟಿದ್ದಕ್ಕೆ ಬರೀ ಜುಮು ಜುಮು. ಇವತ್ತು ಕೋಣೆಯ ಕಲ್ಲುಹಾಸಿನ ಮೇಲೆ ತೊಳೆದ ನೀರು ನಿಂತಿತ್ತು. ಆ ನೀರಿನಲ್ಲಿ ಕಾಲಿಟ್ಟು ಸರಪಳಿ ಹಿಡಿದವರು ಬಿಡಿಸಿಕೊಳ್ಳುವಂತಿರಲಿಲ್ಲ.

ತೊಟ್ಟಿಲಲ್ಲಿ ಕೂಸು ಕುಂಯ್‌ಗುಟ್ಟಿತು. ಗೌರಮ್ಮ ಮಂಚದಿಂದ ಒಂದು ಕಾಲು ಕೆಳಗಿಟ್ಟು ಸರಪಳಿಗೆ ಕೈ ಚಾಚಿದಳು.

“ತಂಗೀ, ಕೈ ಹಿಂದಕ್ಕ ತಗಿ. ಕಾಲು ಮ್ಯಾಲ ತಗೋ.”

ನನ್ನ ದನಿ ಹೇಗಿತ್ತೋ, ಅವಳು ಹಾಗೇ ಮಾಡಿದಳು. “ಕೂಸು ಅಳಾಕತ್ತೈತ್ರೀ,” ಎಂದಳು ಮೆಲ್ಲಗೆ.

“ಅಳಲಿ. ಅದು ಮರದಾಗ ಐತಿ, ಅದಕ್ಕೇನೂ ಆಗಾಂಗಿಲ್ಲ. ನೀವು ಮಾತ್ರ ಇಳೀಬ್ಯಾಡ್ರಿ.”

ಇದು ಅರ್ಧ ಸತ್ಯ. ಕೂಸು ಒಣಗಿರುವ ತನಕ ಅದಕ್ಕೇನೂ ಆಗದು. ಕೂಸುಗಳು ಎಷ್ಟು ಹೊತ್ತು ಒಣಗಿರುತ್ತವೆ ಎಂಬುದು ಶರಣಮ್ಮನವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. “ಅದು ಎದ್ದ ಕೂಡ್ಲೇನ ಹೊಯ್ತೈತಿ ತಮ್ಮಾ,” ಎಂದರು.

ಗಡಿಯಾರ ಹನ್ನೆರಡಕ್ಕೆ ಹದಿನೈದು ನಿಮಿಷ ತೋರಿಸುತ್ತಿತ್ತು. ಇನ್ನು ಹದಿನೈದು ನಿಮಿಷಕ್ಕೆ 280 ವೋಲ್ಟು. ಮೇನ್ ಸ್ವಿಚ್ಚು ಆರಿಸೋಣವೆಂದರೆ ಕೀಲಿಕೈ ಸಾಹುಕಾರರ ಉಡಿದಾರದ ಜತೆ ಲಿಂಗಸುಗೂರಿನಲ್ಲಿತ್ತು. ಆಳು ಹನುಮಂತ ಕೊಡಲಿಯಿಂದ ಪೆಟ್ಟಿಗೆಗೆ ನಾಲ್ಕೇಟು ಹಾಕಿದ. ಸಾಹುಕಾರರು ಮಾಡಿಸಿದ ಪೆಟ್ಟಿಗೆ, ಕೊಡಲಿ ಜಾರಿತು. ಎಂಜಿನ್ ನಿಲ್ಲಿಸಲು ಹೇಳೆಂದು ಅವನನ್ನು ಜಿನ್ನಿಗೆ ಓಡಿಸಿದೆ. ಜಿನ್ನು ಒಂದು ಮೈಲಿ ದೂರ. ಅಷ್ಟು ಹೊತ್ತು ಕೂಸು ಕಾಯುವಂತಿರಲಿಲ್ಲ, ತಾಯಿಯೂ ಕಾಯುವಂತಿರಲಿಲ್ಲ. ಅವಳ ಕಾಲು ಆಗಲೇ ಮತ್ತೆ ಮಂಚದ ಅಂಚಿಗೆ ಬಂದಿತ್ತು.

ಮಣೆಯ ಮೇಲೆ ನಿಲ್ಲೋಣವೆಂದರೆ ಮನೆಯ ಮಣೆಗಳೆಲ್ಲ ತೊಳೆದು ಹಸಿಯಾಗಿದ್ದವು. ಉಳಿದದ್ದು ಬೀದಿ ಬಾಗಿಲಲ್ಲಿದ್ದ ನನ್ನ ಟೈರಿನ ಚಪ್ಪಲಿ. ರಬ್ಬರಿನಲ್ಲಿ ಕರೆಂಟು ಹರಿಯದು.

“ಅಮ್ಮಾರ, ಚಪ್ಪಲ ಹಾಕ್ಕೊಂಡ ಒಳಗ ಹೋಗಬೇಕ್ರೀ.”

“ಬಾಣಂತಿ ಕೋಣ್ಯಾಗ? ಚಪ್ಪಲ?”

ಪರಗಂಡಸು ಇಣುಕಬಾರದ ಕೋಣೆ. ನೀರೊಲೆಯ ಬಳಿಗೂ ಚಪ್ಪಲಿ ಬಾರದ ಮನೆ. ಶರಣಮ್ಮ ಒಮ್ಮೆ ತೊಟ್ಟಿಲ ಕಡೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀದಿ ಬಾಗಿಲಿಗೆ ಹೋದರು. ನನ್ನ ಧೂಳು ಹಿಡಿದ ಚಪ್ಪಲಿಗಳನ್ನು, ಪೂಜೆಯ ಹರಿವಾಣ ತರುವಂತೆ, ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಕಾಲ ಬಳಿ ಇಟ್ಟರು.

“ಹಾಕ್ಕೋ. ನಡಿ.”

ಕಾಲು ಒರೆಸಿಕೊಂಡು ಹಾಕಿದೆ. ಒಳಗೆ ಹೋಗಿ ಟೆಸ್ಟರಿನ ತುದಿಯನ್ನು ಸರಪಳಿಗೆ ಮುಟ್ಟಿಸಿದೆ. ಅದರೊಳಗಿನ ಕೆಂಪು ದೀಪ ಹೊತ್ತಿತು. ಕರೆಂಟು ಎದೆ ಹಾದು ಹರಿಯದಂತೆ ಎಡಗೈಯನ್ನು ಬೆನ್ನ ಹಿಂದೆ ಕಟ್ಟಬೇಕೆಂದು ನಮ್ಮ ವಿದ್ಯೆ ಹೇಳುತ್ತದೆ, ಆದರೆ ಕೂಸನ್ನು ಒಂದು ಕೈಯಲ್ಲಿ ಎತ್ತುವ ವಿದ್ಯೆ ನನಗಿರಲಿಲ್ಲ. ಸರಪಳಿಗಳ ನಡುವಿನ ಸಂದಿನಲ್ಲಿ ಎರಡೂ ಕೈ ಇಳಿಸಿ, ಕೌದಿಯ ಸಮೇತ ಅದನ್ನು ಎತ್ತಿದೆ. ಕೌದಿಯ ಚುಂಗು ಸರಪಳಿಯ ಕೊಂಡಿಗೆ ಸಿಕ್ಕಿತು. ಎಳೆಯಲಿಲ್ಲ. ಒಮ್ಮೆ ಕೆಳಗಿಳಿಸಿ, ಬಿಡಿಸಿಕೊಂಡು, ಮತ್ತೆ ಎತ್ತಿ ಹೊರಗೆ ತಂದೆ. ಎರಡು ಹೆಜ್ಜೆ ಇಟ್ಟ ಮೇಲೆ ಅದು ನನ್ನ ಅಂಗಿಯ ಮೇಲೆ ಹೊಯ್ದಿತು. ಅದು ಅರ್ಧ ನಿಮಿಷ ಮೊದಲೇ ಮನಸ್ಸು ಮಾಡಿದ್ದರೆ ಈ ಅನುಭವ ಕಥನವನ್ನು ಬೇರೆಯವರು ಬರೆಯಬೇಕಾಗುತ್ತಿತ್ತು.

ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಮರಳಿ ಹೋಗಿ, ತೊಟ್ಟಿಲಿಗೂ ಮಂಚಕ್ಕೂ ನಡುವೆ ನಿಂತು ಗೌರಮ್ಮನನ್ನು ಗೋಡೆಯ ಕಡೆಯಿಂದ ಹೊರಗೆ ದಾಟಿಸಿದೆ. ಬಾಗಿಲು ಎಳೆದುಕೊಂಡೆ. ಆಗ ಜಿನ್ನಿನ ಗಂಟೆ ಕೇಳಿಸಿತು. ಪಡಸಾಲೆಯ ಬಲ್ಬು ಹಾಲಿನಂತೆ ಬೆಳ್ಳಗಾಯಿತು. ಮುಚ್ಚಿದ ಕೋಣೆಯೊಳಗೆ ಗರ್ಡರಿನ ಬಳಿ ಚಟಚಟ ಸದ್ದು. ಹತ್ತು ನಿಮಿಷ ಅದು ಹಾಗೇ ನಡೆಯಿತು. ಆಮೇಲೆ ಬಲ್ಬು ಆರಿತು. ಎಂಜಿನ್ ನಿಲ್ಲಿಸಲು ಡ್ರೈವರು ಜಿನ್ನಿನ ಮಾಲೀಕರ ಚೀಟಿ ಕೇಳಿದ್ದನಂತೆ. ಹನುಮಂತ ಕೈಯಲ್ಲೇ ಉಳಿದಿದ್ದ ಕೊಡಲಿ ತೋರಿಸಿದ್ದನಂತೆ.

ಸಂಜೆ ಸಾಹುಕಾರರು ಬಂದು ಎಲ್ಲ ಕೇಳಿ, ಉಡಿದಾರದಿಂದ ಕೀಲಿಕೈ ಬಿಚ್ಚಿ ನನ್ನ ಮುಂದಿಟ್ಟರು. “ಮನಿ ಕಾಯಾಕಂತನ ಬೀಗ ಹಾಕಿದ್ದೆ,” ಎಂದರು.

“ಯಾಕ, ಕರೆಂಟು ಓಡಿಹೋಗತಿತ್ತೇನು?” ಎಂದರು ಶರಣಮ್ಮ, ಕೂಸಿನ ಕೌದಿ ಹಿಂಡುತ್ತ.

ಮನೆಯ ರಕ್ಷಣೆಯ ಬಗ್ಗೆ ನಾನು ಕಲಿತದ್ದು ಇಷ್ಟು: ಫ್ಯೂಸು ತೆಳ್ಳಗಿರಬೇಕು, ಮೇನ್ ಸ್ವಿಚ್ಚು ಮನೆಯ ಎಲ್ಲರ ಕೈಗೆ ಎಟುಕಬೇಕು, ಮತ್ತು ವೈರ್‌ಮನ್ ಆದವನು ಹೇಳಬೇಕಾದದ್ದನ್ನು ಮೊದಲ ದಿನವೇ, ಕೇಳುವವರು ಯಾರೇ ಆಗಿರಲಿ, ಹೇಳಿಬಿಡಬೇಕು.

ಮರುದಿನ ಬೆಳಿಗ್ಗೆ ತೇಗದ ಪೆಟ್ಟಿಗೆಯನ್ನು ಕಿತ್ತು, ಗರ್ಡರಿನ ಮೇಲಿನ ಸುಟ್ಟ ತಂತಿ ತೆಗೆದು, ಫ್ಯೂಸಿಗೆ ತೆಳು ತಂತಿ ಹಾಕಿದೆ. ಹೀಟರು ಅಟ್ಟಕ್ಕೆ ಹೋಯಿತು, ಕೆಂಡ ಮಂಚದ ಕೆಳಗೆ ಮರಳಿತು. ತೊಟ್ಟಿಲನ್ನು ಪಡಸಾಲೆಯ ಮರದ ತೊಲೆಗೆ ಹಗ್ಗದಿಂದ ಕಟ್ಟಿದರು. ಕೂಸಿಗೆ ಬಸವರಾಜ ಎಂದು ಹೆಸರಿಟ್ಟರು.