ದಾದಾಪೀರ ಹೊಲಿದ ಗಾದಿ

ಲಕ್ಷ್ಮೇಶ್ವರದ ಪೇಟೆಯಲ್ಲಿ ಗಾದಿ ಹೊಲಿಯುವ ದಾದಾಪೀರನಿಗೆ ದಣಿವು ಮೈಗಂಟಿದ ಗುಣ. ಮೂವತ್ತು ವರ್ಷ ಅರಳೆ ಹಿಂಜಿದವನ ಎದೆಯಲ್ಲಿ ಉಸಿರಿಗಿಂತ ಧೂಳೇ ಹೆಚ್ಚು. ಎರಡು ವರ್ಷದ ಹಿಂದೆ ಹೆಂಡತಿ ರಸೂಲಬಿ ತೀರಿಕೊಂಡ ಮೇಲಂತೂ ಅವನಿಗೆ ಮಾತಾಡುವುದೂ ಭಾರವಾಯಿತು. ಮನೆಯಲ್ಲಿ ಉಳಿದವರು ಇಬ್ಬರೇ, ಅವನು ಮತ್ತು ಪಿಯುಸಿ ಓದುವ ಮಗಳು ಅಫ್ರೀನ. ಅವನು ಬರುತ್ತಿದ್ದ, ಉಣ್ಣುತ್ತಿದ್ದ, ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದ. ಹುಡುಗಿ ತಾಟು ತೊಳೆದಿಟ್ಟು ಮೂಲೆ ಸೇರುತ್ತಿದ್ದಳು. ಇಬ್ಬರಿದ್ದೂ ಮನೆ ಭಣಭಣ ಅನ್ನುತ್ತಿತ್ತು.

ಅವನ ಕಸುಬಿಗೆ ಒಂದು ನೇಮವಿತ್ತು. ಅಪ್ಪ ನಬಿಸಾಬ ಹೇಳಿಕೊಟ್ಟದ್ದು. ಹಳೆಯ ಗಾದಿ ಬಿಚ್ಚಿದರೆ ಜನರ ಗುಟ್ಟು ಹೊರಬೀಳುತ್ತದೆ. ಸೊಸೆ ಅಡಗಿಸಿಟ್ಟ ಬೆಂಡೋಲೆ ಇರುತ್ತದೆ, ಯಾರೋ ಕಟ್ಟಿಸಿಕೊಟ್ಟ ತಾಯತ ಇರುತ್ತದೆ, ಮದುವೆಗೆ ಮುಂಚಿನ ಕಾಗದವೂ ಇರುತ್ತದೆ. ಸಿಕ್ಕದ್ದನ್ನು ನೋಡಬಾರದು, ಕೇಳಬಾರದು, ಇದ್ದಲ್ಲೇ ಇಟ್ಟು ಹೊಲಿಯಬೇಕು. ಉಸಾಬರಿ ಮಾಡುವ ಪಿಂಜಾರನನ್ನು ಯಾರು ಪಡಸಾಲೆಗೆ ಬಿಟ್ಟುಕೊಳ್ಳುತ್ತಾರೆ? ಶಿರಹಟ್ಟಿ, ಮುಂಡರಗಿಯಿಂದಲೂ ಅವನಿಗೆ ಕರೆ ಬರುತ್ತಿತ್ತೆಂದರೆ ಅವನ ಹೊಲಿಗೆಗಿಂತ ಅವನ ಮುಚ್ಚಿದ ಬಾಯಿಗೇ ಅಷ್ಟು ಬೆಲೆ.

ರಂಜಾನಿಗೆ ಇನ್ನೂ ತಿಂಗಳಿರುವಾಗ ಒಂದು ಶುಕ್ರವಾರ, ಮಗಳ ಗಾದಿ ಗಂಟುಗಂಟಾಗಿದೆಯೆಂದು ಬಿಚ್ಚಲು ಕೂತ. ಅಫ್ರೀನ ಕಾಲೇಜಿಗೆ ಹೋಗಿದ್ದಳು. ಅಂಚಿನಲ್ಲಿ ಒಂದು ಗೇಣು ಹೊಲಿಗೆ ಬಿಟ್ಟಿತ್ತು. ಒಳಗೆ ಕೈ ಹಾಕಿದರೆ ಗಟ್ಟಿಯಾದದ್ದೇನೋ ತಾಕಿತು. ಮೊಬೈಲು. ಅವನು ಕೊಡಿಸಿದ್ದಲ್ಲ, ಆ ಮನೆಯಲ್ಲಿದ್ದದ್ದು ಅವನ ಜೇಬಿನ ಹಳೆಯ ಡಬ್ಬಿ ಫೋನು ಒಂದೇ. ಯಾರು ಕೊಟ್ಟರೆಂದು ಕೇಳಲೇಬೇಕು. ಕೇಳಿದರೆ ಅಳು, ರಂಪ, ನೆರೆಯವರ ಕಿವಿ. ತಾಯಿಯಿಲ್ಲದ ಹುಡುಗಿಯ ಹತ್ತಿರ ಇಂಥ ಮಾತು ಎಲ್ಲಿಂದ ಶುರು ಮಾಡುವುದೋ ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮೂವತ್ತು ವರ್ಷ ಪಳಗಿದ ಕೈ ತನ್ನ ಕೆಲಸ ಮುಗಿಸಿತ್ತು. ಅರಳೆ ಹಿಂಜಿ ತುಂಬಿ, ಮೊಬೈಲನ್ನು ಇದ್ದಲ್ಲೇ ಇಟ್ಟು, ದಬ್ಬಣ ಹಾಯಿಸಿ ಅಂಚು ಹೊಲಿದುಬಿಟ್ಟ. ಅಯ್ಯೋ ಪುಣ್ಯಾತ್ಮ, ಊರವರ ಗಾದಿಯ ನೇಮವನ್ನು ಯಾರಾದರೂ ಹೆತ್ತ ಮಗಳ ಗಾದಿಗೆ ಹಚ್ಚುತ್ತಾರೆಯೇ!

ಇವತ್ತು ಕೇಳೋಣ, ನಾಳೆ ಕೇಳೋಣ ಎಂದು ದಿನ ತಳ್ಳಿದ. ಅಫ್ರೀನ ಸೊರಗುತ್ತಿದ್ದಳು, ಅವನಿಗೆ ಕಾಣುತ್ತಿತ್ತು. ಪರೀಕ್ಷೆಯ ಚಿಂತೆ ಇರಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಮಗಳ ಗೆಳತಿ ದುರ್ಗಾ ಅಂಗಡಿಗೆ ಓಡಿಬಂದಳು. ಅಫ್ರೀನ ಕಾಲೇಜು ಬಿಟ್ಟು ಗದಗಿನ ಬಸ್ಸು ಹತ್ತಿದ್ದಾಳೆಂದು ಹೇಳಿ, ತಡೆದು ತಡೆದು ಉಳಿದದ್ದನ್ನೂ ಹೇಳಿದಳು. ದುರ್ಗಾಳ ಮೊಬೈಲಿನಲ್ಲಿ ಇಬ್ಬರೂ ಆಡುತ್ತಿದ್ದ ಆಟದೊಳಗೆ ಒಬ್ಬ ಪರಿಚಯವಾಗಿದ್ದ. ತನಗೂ ತಾಯಿಯಿಲ್ಲ ಎಂದಿದ್ದ. ಅಫ್ರೀನ ಅತ್ತಾಗಲೆಲ್ಲ ಗಂಟೆಗಟ್ಟಲೆ ಕೇಳಿಸಿಕೊಂಡಿದ್ದ. ಮೊಬೈಲು ಕಳಿಸಿದವನೂ ಅವನೇ. ನಿಮ್ಮಪ್ಪ ದಣಿದಿರುತ್ತಾರೆ, ಅವರಿಗೆ ಇದನ್ನೆಲ್ಲ ಹೇಳಬೇಡ ಎಂದು ಮೆಲ್ಲಗೆ ಬುದ್ಧಿ ಹೇಳಿದ್ದ. ಈಗ ನಾಲ್ಕು ದಿನದಿಂದ ದನಿ ಬದಲಾಗಿತ್ತು. ಹೇಳಿದಲ್ಲಿಗೆ ಒಬ್ಬಳೇ ಬರದಿದ್ದರೆ ಅವಳು ಬರೆದದ್ದನ್ನೆಲ್ಲ ಕಾಲೇಜಿನವರ ಮೊಬೈಲಿಗೆ ಕಳಿಸುತ್ತಾನಂತೆ.

ದಾದಾಪೀರ ಸಿಕ್ಕ ಬಸ್ಸು ಹತ್ತಿದ. ಗದಗ ಬರುವವರೆಗೂ ಒಂದು ಪ್ರಾರ್ಥನೆಯೂ ನೆನಪಾಗಲಿಲ್ಲ. ನಿಲ್ದಾಣದಲ್ಲಿ ಮುಂಡರಗಿ ಬಸ್ಸು ನಿಲ್ಲುವ ಕಡೆ, ಕಲ್ಲುಬೆಂಚಿನ ಮೇಲೆ, ಚೀಲ ಅವುಚಿಕೊಂಡು ಮಗಳು ಕೂತಿದ್ದಳು. ದಾರಿಯಲ್ಲಿ ಡೋಣಿ ಊರಿನ ಹತ್ತಿರ ಇಳಿ, ಅಲ್ಲಿ ನಿಂತಿರುತ್ತೇನೆ ಎಂದಿದ್ದನಂತೆ ಅವನು. ಕಾಲೇಳದೆ ಎರಡು ಬಸ್ಸು ಬಿಟ್ಟಿದ್ದಳು. ದಾದಾಪೀರ ಪಕ್ಕದಲ್ಲಿ ಕುಸಿದು ಕೂತು, ನನಗೊಂದು ಮಾತು ಹೇಳಬಾರದಿತ್ತೇ ಎಂದ.

ಅವಳು ಅವನ ಕಡೆ ತಿರುಗಲಿಲ್ಲ. "ಗಾದಿಗೆ ಹೊಸಾ ಹೊಲಿಗಿ ಬಿದ್ದಿದ್ದು ಅವತ್ತ ನೋಡಿದ್ನಿ. ನಿನ್ನ ಹೊಲಿಗಿ ನನಗ ಗುರ್ತು ಸಿಗೂದಿಲ್ಲೇನು? ಬಿಚ್ಚಿ ನೋಡಿದ್ರ ಮೊಬೈಲ್ ಇದ್ದಲ್ಲೇ ಇತ್ತು. ಇವತ್ತ ಕೇಳ್ತಾನ, ನಾಳಿ ಕೇಳ್ತಾನ ಅಂತ ಕಾದ್ನಿ. ನೀ ಒಂದ್ ಮಾತ ಕೇಳಿದ್ರ ಎಲ್ಲಾ ಹೇಳ್ತಿದ್ನಿ ಅಪ್ಪಾ."

ಮೂರನೆಯ ಬಸ್ಸು ಬಂದು ಹೋಯಿತು. ಅವಳ ಕೈಯಲ್ಲಿದ್ದ ಮೊಬೈಲು ಒದರುತ್ತಲೇ ಇತ್ತು. ಕೊನೆಗೆ ಅವನೇ ಎದ್ದು, ಅವಳ ಚೀಲ ಹೆಗಲಿಗೇರಿಸಿಕೊಂಡು, ದಾರಿ ಕೇಳುತ್ತ ಪೊಲೀಸ್ ಠಾಣೆಗೆ ಕರೆದುಕೊಂಡು ಹೋದ.

ಠಾಣೆಯಲ್ಲಿದ್ದ ಹೆಣ್ಣು ಪೊಲೀಸು ಗದರಲಿಲ್ಲ. ಇಬ್ಬರಿಗೂ ನೀರು ಕೊಟ್ಟು, ಎಲ್ಲವನ್ನೂ ನಿಧಾನಕ್ಕೆ ಕೇಳಿ ಬರೆದುಕೊಂಡಳು. ಈ ಮೊಬೈಲಿನ ವಿಷಯ ಮನೆಯವರಿಗೆ ಯಾವಾಗ ತಿಳಿಯಿತು ಎಂಬ ಪ್ರಶ್ನೆಯೂ ಬಂತು. ದಾದಾಪೀರ ತಲೆ ತಗ್ಗಿಸಿದ.

"ಅಪ್ಪಗ ಏನೂ ಗೊತ್ತಿದ್ದಿಲ್ರಿ," ಎಂದಳು ಅಫ್ರೀನ, ಥಟ್ಟನೆ. "ನಾನ ಮುಚ್ಚಿಟ್ಟಿದ್ನಿ. ಅವಂದೇನೂ ತಪ್ಪಿಲ್ಲ."

ಪೆನ್ನು ಅದನ್ನು ಬರೆಯತೊಡಗಿತು. ದಾದಾಪೀರ ಮೇಜಿನ ಮೇಲೆ ಕೈ ಚಾಚಿ ಕಾಗದದ ಮೇಲಿಟ್ಟ.

"ಹಂಗ ಬರೀಬ್ಯಾಡ್ರಿ. ನನಗ ಗೊತ್ತಿತ್ರಿ. ಇಪ್ಪತ್ತೆರಡ ದಿನದ ಹಿಂದನ ನನ್ನ ಕೈಗೆ ಸಿಕ್ಕಿತ್ತು. ನಾನ ಒಳಗಿಟ್ಟು ಹೊಲದ್ನಿ. ಅದನ್ನ ಬರ್ಕೋರಿ."