ಮಹಡಿಯ ಹೆಂಗಸು

ಮಿರಜದ ಅರಿಷಿಣ ವ್ಯಾಪಾರಿ ದಾದಾಸಾಹೇಬರ ಮಗಳು ತ್ರಿಶಲಾಬಾಯಿಯದು ಬಾಯಿ ಜೋರು. ಈಗ ವಿಶ್ರಾಮಬಾಗ ಬಡಾವಣೆಯಲ್ಲಿ ಮಗ ಹರ್ಷದನ ಮನೆಯಲ್ಲಿದ್ದಾರೆ. ಓಣಿಯವರೆಲ್ಲ ಅವರಿಗೆ ಅಂಜುತ್ತಾರೆ. ಮರಾಠಿ ದೆವ್ವದ ಕತೆಗಳೆಂದರೆ ಅವರಿಗೆ ಪಂಚಪ್ರಾಣ. ಆದರೆ ಹೆಸರುವಾಸಿ ಲೇಖಕನೊಬ್ಬನ ಒಂದೇ ಒಂದು ದೆವ್ವ ಅವರ ಕೈಕಾಲು ತಣ್ಣಗಾಗಿಸುತ್ತಿತ್ತು. ಅವಳು ಮಹಡಿಯ ಹೆಂಗಸು. ಕೂದಲು ಬಿಟ್ಟುಕೊಂಡು ಕಿಟಕಿಯಲ್ಲಿ ನಿಂತು ಕನ್ನಡದಲ್ಲಿ ಕರೆಯುತ್ತಾಳೆ: “ಬಾರವ್ವಾ, ಹೆರಳ ಹಾಕ್ತೀನಿ.” ಮರಾಠಿ ಓದುಗರಿಗೆ ಅದು ತಿಳಿಯದ ಮಂತ್ರ. ತ್ರಿಶಲಾಬಾಯಿಗೆ ಮನೆಮಾತು. ತನ್ನನ್ನೇ ಕರೆದಂತಾಗಿ ಪುಸ್ತಕ ಮುಚ್ಚಿಬಿಡುತ್ತಿದ್ದರು.

ಹಾಗಂತ ಆ ಹೆಂಗಸನ್ನು ದುಡಿಸಿಕೊಳ್ಳದೆ ಬಿಟ್ಟರೇ? ಹರ್ಷದ ಚಿಕ್ಕವನಿದ್ದಾಗ ಊಟಕ್ಕೆ ಹಟ ಹಿಡಿದರೆ, “ಹೊತ್ತು ಮುಳುಗಾಕ ಬಂತು, ಉಣ್ಣು! ಇಲ್ಲಾಂದ್ರ ಮಹಡಿಯಾಕಿ ಬರ್ತಾಳ ನೋಡು!” ಎನ್ನುತ್ತಿದ್ದರು. ಹುಡುಗ ಗಬಗಬ ನುಂಗುತ್ತಿದ್ದ. ಮುಂದೆ ಮೊಮ್ಮಗಳು ಮೃಣಾಲಳಿಗೂ ಅದೇ ಔಷಧ.

ತ್ರಿಶಲಾಬಾಯಿ ತಾಯಿಯನ್ನು ಕಂಡ ನೆನಪಿಲ್ಲದವರು. ಸಾಕಿದ ಚಿಕ್ಕಮ್ಮ ಕಾಕುವನ್ನು ಎಷ್ಟು ಕೇಳಿದರೂ, “ನಿಮ್ಮವ್ವ ಜ್ವರ ಬಂದು ಹ್ವಾದ್ಳು” ಎಂದಷ್ಟೇ ಉತ್ತರ. ಒಂದು ಫೋಟೋ ಕೂಡ ಇರಲಿಲ್ಲ. ಅವ್ವ ಕಪ್ಪಗಿದ್ದಳೋ ಕೆಂಪಗಿದ್ದಳೋ, ನನ್ನನ್ನು ಏನಂತ ಕರೆಯುತ್ತಿದ್ದಳೋ ಎಂಬ ಸಂಕಟ ಈ ವಯಸ್ಸಿನಲ್ಲೂ ಆರಿರಲಿಲ್ಲ. ಬೇರೆ ತಾಯಂದಿರು ಮಕ್ಕಳನ್ನು ಬೈಯುತ್ತಿದ್ದರೂ ನಿಂತು ಕೇಳುತ್ತಿದ್ದರು.

ಈಚೆಗೆ ಅವರಿಗೆ ಕಣ್ಣಿನ ಆಪರೇಶನ್ ಆಯಿತು. ಓದಬಾರದು, ಅಳಬಾರದು ಎಂದು ಡಾಕ್ಟರು ಹೇಳಿದ್ದರು. ಮೃಣಾಲ ಕಾಲೇಜಿನಿಂದ ಒಂದು ದಪ್ಪ ಪುಸ್ತಕ ತಂದಳು.

“ಆಜೀ, ನಿನ್ನ ದೆವ್ವದ ಲೇಖಕನ ಜೀವನಚರಿತ್ರೆ. ಓದ್ಲ್ಯಾ?”

“ಓದವಾ. ನಮ್ಮ ನಿದ್ದಿ ಕೆಡಿಸಿದಾವ ತಾನರ ಹ್ಯಾಂಗ ಬಾಳ್ಯಾನ, ನೋಡೂಣು.”

ಲೇಖಕ ಬೆಳೆದದ್ದು ಮಿರಜದಲ್ಲಿ, ಸಿತಾರು ಮಾಡುವವರ ಓಣಿಯಲ್ಲಿ. “ಅಯ್ಯ, ನಮ್ಮ ಓಣಿನ!” ಎಂದು ತ್ರಿಶಲಾಬಾಯಿ ಎದ್ದು ಕುಳಿತರು. ಮೃಣಾಲ ಮುಂದೆ ಓದಿದಳು. ಎದುರುಮನೆ ಅರಿಷಿಣ ವ್ಯಾಪಾರಿ ದಾದಾಸಾಹೇಬರದು. ಅವರ ಹೆಂಡತಿ ಸಖುಬಾಯಿಗೆ ಕ್ಷಯ. ಮಗುವಿಗೆ ತಗುಲೀತೆಂದು ಅವಳನ್ನು ಮಹಡಿಯ ಕೋಣೆಯಲ್ಲಿ ಇಟ್ಟಿದ್ದರು. ಅವಳು ಬಾಚಣಿಗೆ ಹಿಡಿದು ಕಿಟಕಿಯಲ್ಲಿ ನಿಂತು, ಅಂಗಳದಲ್ಲಿ ಆಡುವ ಪುಟ್ಟ ಮಗಳನ್ನು ಕರೆಯುತ್ತಿದ್ದಳು. ಆ ಭಾಷೆ ತಿಳಿಯದೆ, ಆಗಿನ್ನೂ ಹುಡುಗನಾಗಿದ್ದ ಲೇಖಕ ನಡುಗುತ್ತಿದ್ದ. ದೊಡ್ಡವನಾದ ಮೇಲೆ ಅದೇ ಮಾತನ್ನು ದೆವ್ವದ ಬಾಯಲ್ಲಿ ಇಟ್ಟ. ಆ ಪುಟ್ಟ ಮಗಳೂ ಕಿವಿ ಮುಚ್ಚಿಕೊಂಡು ಒಳಗೆ ಓಡುತ್ತಿದ್ದಳಂತೆ.

ಮೃಣಾಲ ಪುಸ್ತಕದಿಂದ ತಲೆ ಎತ್ತಿದಳು. “ಆಜೀ, ಸಖುಬಾಯಿ ಅಂದ್ರ...”

“ನಮ್ಮವ್ವ.”

ಎಂಥ ಪಾಪವಪ್ಪಾ ಇದು! ಜೀವನವೆಲ್ಲ ಯಾರ ದನಿಗಾಗಿ ಹಂಬಲಿಸಿದರೋ ಅವಳನ್ನೇ ತೋರಿಸಿ ಮಕ್ಕಳನ್ನು ಹೆದರಿಸಿದ್ದರು.

“ಆಕಿ ಕರದದ್ದು ಇನ್ನೊಮ್ಮೆ ಓದವಾ,” ಎಂದರು.

ಮೃಣಾಲ ತೊದಲುತ್ತ ಓದಿದಳು: “ಬಾರವ್ವಾ, ಹೆರಳ ಹಾಕ್ತೀನಿ.”

ತ್ರಿಶಲಾಬಾಯಿ ನರೆತ ಕೂದಲಿನ ಗಂಟು ಬಿಚ್ಚಿ, ಮೊಮ್ಮಗಳಿಗೆ ಬೆನ್ನು ಮಾಡಿ ಕುಳಿತರು.

“ಬಂದೆ ಯವ್ವಾ,” ಎಂದರು. “ತಡ ಆತು. ಬಂದೆ.”

“ಅಳಬ್ಯಾಡ ಆಜೀ, ಕಣ್ಣು, ಕಣ್ಣು!” ಎನ್ನುತ್ತ ಮೃಣಾಲಳೂ ಅಳತೊಡಗಿದಳು.