ಮುಖಪುಟಕ್ಕೆ ಬಂದ ನಾಯಿ

ಜಮಖಂಡಿಯಲ್ಲಿ ಮಾಸಪತ್ರಿಕೆ ನಡೆಸುವ ಪರಿಚಯದವರೊಬ್ಬರು, ಓದುಗರು ಕಳಿಸಿದ ಫೋಟೊಗಳಲ್ಲಿ ಒಂದನ್ನು ದೀಪಾವಳಿ ಸಂಚಿಕೆಯ ಮುಖಪುಟಕ್ಕೆ ಆರಿಸಿಕೊಡಿ ಎಂದು ನನ್ನನ್ನು ಕರೆದರು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವನು ನಾನು; ಖುಷಿಯಿಂದಲೇ ಹೋದೆ. ನನ್ನ ಜೊತೆ ಆರಿಸಲು ಬಂದಿದ್ದವರು ಮುಧೋಳದ ಒಬ್ಬ ನಿವೃತ್ತ ಪಶುವೈದ್ಯರು.

ಪ್ರಿಂಟ್ ಹಾಕಿಸಿದ ಫೋಟೊಗಳನ್ನು ಸಂಪಾದಕರು ಮೇಜಿನ ತುಂಬ ಹರಡಿದ್ದರು. ಬೀಳಗಿ ಕಡೆಯ ಹಿನ್ನೀರು, ಕಬ್ಬಿನ ಟ್ರ್ಯಾಕ್ಟರುಗಳು, ಮದುಮಕ್ಕಳು, ನಾಯಿಗಳು. ರಬಕವಿಯಿಂದ ಬಂದಿದ್ದ ಒಂದು ಫೋಟೊದ ಮೇಲೆ ನನ್ನ ಕೈ ನಿಂತುಬಿಟ್ಟಿತು. ಮುಕ್ಕಾಲು ಭಾಗ ಕತ್ತಲೆ. ಬೆಳಕಿಂಡಿಯಿಂದ ಇಳಿದ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿದೆ. ದೂರದ ಮೂಲೆಯಲ್ಲಿ ಹೆಂಗಸೊಬ್ಬಳು ಸೀರೆ ಮಡಚುತ್ತಿದ್ದಾಳೆ. ಸೆರಗು ಮಾತ್ರ ಆ ಬಿಸಿಲಿನ ತನಕ ಬಂದು ಕೆಂಪಗೆ ಹೊಳೆಯುತ್ತಿದೆ. ಕಣ್ಣು ಬೆಳಕಿನಿಂದ ಸೆರಗಿಗೆ, ಸೆರಗಿನಿಂದ ಅವಳ ಕೈಗೆ ತಾನಾಗಿ ಹೋಗುತ್ತಿತ್ತು.

ಪಶುವೈದ್ಯರು ಆರಿಸಿದ್ದು ಓಡುತ್ತಿರುವ ಮುಧೋಳ ನಾಯಿಯನ್ನು. ಮುಂಗಾಲು ಅಂಚಿನಲ್ಲಿ ಕತ್ತರಿಸಿಹೋಗಿತ್ತು, ಹೊಲ ಒಂದು ಕಡೆ ವಾಲಿತ್ತು, ಕರೆಂಟ್ ಕಂಬ ನಾಯಿಯ ಬೆನ್ನಿನ ಮೇಲೇ ನೆಟ್ಟಂತಿತ್ತು. ನಾನು ಇದನ್ನೆಲ್ಲ ತೋರಿಸಿದೆ. ಅವರು ನಾಯಿಯ ಎದೆ ಎಷ್ಟು ಆಳ, ಸೊಂಟ ಎಷ್ಟು ಸಣ್ಣ ಎಂದು ನನಗೆ ತೋರಿಸಿದರು.

“ಡಾಕ್ಟರ, ನಾವು ನಾಯಿ ಆರಿಸಾಕ ಬಂದಿಲ್ರಿ. ಫೋಟೊ ಆರಿಸಾಕ ಬಂದೇವಿ,” ಅಂದೆ.

“ಫೋಟೊದಾಗ ಇರೂದು ನಾಯಿನ ಅಲ್ಲೇನ್ರಿ ಮಾಸ್ತರ?” ಅಂದರು. ಅವರು ಚೇಷ್ಟೆ ಮಾಡುತ್ತಿರಲಿಲ್ಲ.

ತರಗತಿಯಲ್ಲಿ ಮಾಡುವಂತೆ ಎರಡೂ ಫೋಟೊಗಳನ್ನು ತಲೆಕೆಳಗು ಮಾಡಿದೆ. ಹೀಗೆ ಹಿಡಿದರೆ ಏನಿದೆ ಎಂಬುದು ಮರೆತು, ಹೇಗಿದೆ ಎಂಬುದು ಕಾಣುತ್ತದೆ ಎಂದು ವಿವರಿಸಿದೆ. ಸಂಪಾದಕರು ಮರ್ಯಾದೆಗೆ ಕುತ್ತಿಗೆ ಹೊರಳಿಸಿ ನೋಡಿದರು. ಆಮೇಲೆ, ಸೀರೆ ಮಡಚುವುದನ್ನು ಜನ ದಿನಾ ಮನೆಯಲ್ಲೇ ನೋಡುತ್ತಾರೆ ಎಂದು ನಾಯಿಯನ್ನು ಎತ್ತಿಟ್ಟುಕೊಂಡರು. ಚಹಾ ತರಿಸಿದರು, ಕುಡಿದು ಎದ್ದೆ.

ಸಂಚಿಕೆ ಬಂತು. ಮುಖಪುಟದಲ್ಲಿ ನಾಯಿ, ಕಂಬದ ಸಮೇತ. ರಬಕವಿಯ ಫೋಟೊ ಒಳಗಿತ್ತು. ಕತ್ತಲೆ ಇಲ್ಲ, ಬಿಸಿಲಿಲ್ಲ, ಸೆರಗೂ ಇಲ್ಲ. ಎಲ್ಲ ಕತ್ತರಿಸಿ, ಆ ಹೆಂಗಸನ್ನಷ್ಟೇ ದೊಡ್ಡದು ಮಾಡಿ, ಬೆಳಕು ಹೆಚ್ಚಿಸಿ ಹಾಕಿದ್ದರು. ಸಂಪಾದಕರಿಗೆ ಫೋನ್ ಮಾಡಿದರೆ, ನಿಮಗೆ ಬೇಜಾರಾಗಬಾರದು ಅಂತಲೇ ಹಾಕಿದ್ದೇನೆ, ಮುಖ ಕಾಣಲಿ ಅಂತ ಸರಿ ಮಾಡಿದ್ದೇನೆ ಎಂದರು.

ನನ್ನಷ್ಟೇ ಸಿಟ್ಟು ಬರಬೇಕಾದವರು ಇನ್ನೊಬ್ಬರಿದ್ದರು. ಫೋಟೊ ತೆಗೆದ ಹೆಣ್ಣುಮಗಳ ನಂಬರ್ ಪಡೆದು ಮಾತಾಡಿದೆ. ರಬಕವಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಅವಳ ಚಿತ್ರವನ್ನು ಹೇಗೆ ಹಾಳು ಮಾಡಿದ್ದಾರೆ ಎಂದು ನಾನು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡಳು.

“ಅಕಿ ನಮ್ಮವ್ವ ರೀ. ನಾ ತಗದದ್ರಾಗ ಮುಖಾನ ಕಾಣತಿರಲಿಲ್ಲ. ಈಗ ಛಲೋ ಬಂದೈತ್ರಿ.”

ಮತ್ತೆ ಅಷ್ಟು ದೂರ ನಿಂತು ಯಾಕೆ ತೆಗೆದೆ ಎಂದು ಕೇಳಿದೆ. ನಡುವೆ, ಆ ಕತ್ತಲೆಯಲ್ಲಿ, ಮಗ್ಗ ಇತ್ತಂತೆ, ಸಮೀಪ ಹೋಗಲು ಜಾಗವಿರಲಿಲ್ಲವಂತೆ.

ಛಲೋ ಆತವಾ ಎಂದು ಫೋನಿಟ್ಟು ಪತ್ರಿಕೆಯನ್ನು ಮತ್ತೆ ತೆರೆದೆ. ಅವ್ವನ ಮುಖ ನಿಜಕ್ಕೂ ಚೆನ್ನಾಗಿಯೇ ಬಂದಿತ್ತು. ಅದರಿಂದ ಸಿಟ್ಟು ಇನ್ನಷ್ಟು ಹೆಚ್ಚಾಯಿತು.